ಸಾವಳಗಿಯಿಂದ ರಾಷ್ಟ್ರಪತಿ ಭವನಕ್ಕೆ

ಜಮಖಂಡಿ ಬಳಿಯ ಸಾವಳಗಿಯಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು ವೃತ್ತಿಯಿಂದ ವಕೀಲರು. ಜಮಖಂಡಿ ಸಂಸ್ಥಾನದ ಮಂತ್ರಿಯಾಗಿದ್ದ ಅವರು, 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಮುಂಬಯಿ ರಾಜ್ಯದಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರದ ಉಪಮಂತ್ರಿಯಾದರು. ಏಕೀಕರಣದ ನಂತರ ಮೈಸೂರು ರಾಜ್ಯದ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ ವಹಿಸಿದರು. ಅವರು 1958ರಿಂದ 1962ರವರೆಗೆ ಮುಖ್ಯಮಂತ್ರಿಯಾಗಿದ್ದಾಗಲೇ ಭೂಸುಧಾರಣಾ ಮಸೂದೆ ಶಾಸನಸಭೆಯ ಒಪ್ಪಿಗೆ ಪಡೆಯಿತು. ಮುಂದೆ ಪಾಂಡಿಚೇರಿಯ ಉಪರಾಜ್ಯಪಾಲರು, ಒರಿಸ್ಸಾದ ರಾಜ್ಯಪಾಲರು, 1974ರಲ್ಲಿ ಉಪರಾಷ್ಟ್ರಪತಿ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದರು. ಸಂವಿಧಾನದ 65ನೆಯ ವಿಧಿಯಂತೆ ಆ ಹೊಣೆ ಜತ್ತಿಯವರ ಹೆಗಲೇರಿತು. ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಒಮ್ಮೆ ತಮ್ಮ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿಯವರಿಗೆ ಮಾರ್ಚ್ 24ರಂದು ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ.

ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ ಬಂದಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಕೇಂದ್ರ ಸಂಪುಟ ಸಲಹೆ ನೀಡಿತು. ಅವಧಿ ಮುಗಿಯದ ಸಭೆಗಳನ್ನು ಲೋಕಸಭೆಯ ಫಲಿತಾಂಶದ ಕಾರಣಕ್ಕೆ ವಿಸರ್ಜಿಸಬಹುದೇ? ಜತ್ತಿಯವರು ಹಿಂಜರಿದರು. ಆದರೆ 42ನೆಯ ತಿದ್ದುಪಡಿಯು ಸಂಪುಟದ ಸಲಹೆಗೆ ರಾಷ್ಟ್ರಪತಿಯವರು ಬದ್ಧರೆಂದು ವಿಧಿಸಿತ್ತು. ಏಪ್ರಿಲ್ 30ರಂದು ಅವರು ಸಹಿ ಮಾಡಿದರು.

1978ರ 44ನೆಯ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶವನ್ನು ರಾಷ್ಟ್ರಪತಿಗಳಿಗೆ ನೀಡಿತು. ಜತ್ತಿಯವರಿಗೆ ಅದು ಇರಲಿಲ್ಲ. ಇದ್ದಿದ್ದರೆ ಅವರೇನು ಮಾಡಬೇಕಿತ್ತು? ವಿದ್ಯಾರ್ಥಿಗಳು ತರಗತಿಯಲ್ಲಿ ಚರ್ಚಿಸಬೇಕಾದ ಪ್ರಶ್ನೆಯಿದು.