ಕತ್ತಿಕಾಳಗ, ಕನ್ನಡ ಚಲನಚಿತ್ರಗಳಲ್ಲಿ

ಕನ್ನಡದ ಐತಿಹಾಸಿಕ ಚಿತ್ರಗಳ ಮುಖ್ಯ ಆಕರ್ಷಣೆ. ‘ರಣಧೀರ ಕಂಠೀರವ’ (1960), ‘ಇಮ್ಮಡಿ ಪುಲಿಕೇಶಿ’ (1967), ‘ಮಯೂರ’ (1975) ಚಿತ್ರಗಳಲ್ಲಿ ರಾಜ್‌ಕುಮಾರ್ ಕತ್ತಿ ಹಿಡಿದರು. ಚಿತ್ರದುರ್ಗದ ಪಾಳೆಯಗಾರರ ಕಾಲ ‘ಕಲ್ಲರಳಿ ಹೂವಾಗಿ’ಯಲ್ಲಿ (2006) ತೆರೆಗೆ ಬಂತು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಅಲಗಿಗೆ ಅಲಗು ಬಡಿದು ಖಣಖಣಿಸುತ್ತದೆ, ಕಾಳಗ ನಿಮಿಷಗಟ್ಟಲೆ ಸಾಗುತ್ತದೆ. ನಿಜವಾದ ಅಲಗು ಹಾಗೆ ಬಡಿದರೆ ಹಲ್ಲುಹಲ್ಲಾಗುತ್ತದೆ. ಒಂದೆರಡು ಪೆಟ್ಟಿಗೇ ಎಲ್ಲ ಮುಗಿಯಬಹುದು. ನಮ್ಮ ವೀರಗಲ್ಲುಗಳ ಅನೇಕ ಯೋಧರು ಕತ್ತಿಯೊಡನೆ ಗುರಾಣಿಯನ್ನೂ ಹಿಡಿದು, ಎದುರಾಳಿಗೆ ತೀರ ಹತ್ತಿರ ನಿಂತಿದ್ದಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳು ದೊರೆತವು. ಸತ್ತವರ ಜೊತೆಗಿಟ್ಟ ಆ ಕಬ್ಬಿಣ ಅಲಂಕಾರದ ವಸ್ತುವಾಗಿರಲಿಲ್ಲ.

ಇಷ್ಟರಿಂದಲೇ ತೆರೆಯ ಮೇಲಿನ ಕಾಳಗದ ವೈಭವವನ್ನು ತಪ್ಪೆನ್ನಲಾಗದು. ನಿಜವಾದ ಹೊಡೆತದ ವೇಗ ಕ್ಯಾಮೆರಾಕ್ಕೆ ದಕ್ಕುವುದು ಕಷ್ಟ, ನಟರ ಸುರಕ್ಷತೆಗೂ ಅಂತರ ಬೇಕು. ಯಕ್ಷಗಾನದ ಯುದ್ಧಕುಣಿತ ಬಲ್ಲ ಪ್ರೇಕ್ಷಕರಿಗೆ ಶೈಲೀಕರಣ ಹೊಸದೂ ಅಲ್ಲ. ತೊಡಕಿರುವುದು ಪೆಟ್ಟಿಗೆ ಪರಿಣಾಮವೇ ಇಲ್ಲದಿದ್ದಾಗ. ಜಪಾನಿನ ನಿರ್ದೇಶಕ ಕುರೊಸಾವಾರ ‘ಸಂಜುರೊ’ (1962) ಚಿತ್ರದ ಕೊನೆಯಲ್ಲಿ ಇಬ್ಬರು ಎದುರಾಳಿಗಳು ಬಹಳ ಹೊತ್ತು ಅಲುಗದೆ ನಿಲ್ಲುತ್ತಾರೆ, ಒಂದೇ ಹೊಡೆತದಲ್ಲಿ ಕಾಳಗ ಮುಗಿಯುತ್ತದೆ. ಅಲ್ಲಿ ಚಿಮ್ಮುವ ರಕ್ತ ಅತಿರಂಜಿತ, ಸಾವಿನ ಭಯ ಮಾತ್ರ ನಿಜ. ಕನ್ನಡದಲ್ಲಿ ಮುಂದೆ ಐತಿಹಾಸಿಕ ಚಿತ್ರ ಮಾಡುವವರು ಮೊದಲು ವೀರಗಲ್ಲುಗಳನ್ನು ನೋಡಿ ಬರಲಿ.