ಗುಂಪು ಪ್ರಾಜೆಕ್ಟ್‌ನಲ್ಲಿ ವೆಬ್ ವಿನ್ಯಾಸದ ಕಲಿಕೆ

ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ತರಗತಿಗಳಲ್ಲಿ ವೆಬ್ ವಿನ್ಯಾಸದ ಪಾಠ ನಡೆಯುತ್ತದೆ. ಆದರೆ ಬಹಳಷ್ಟು ವಿದ್ಯಾರ್ಥಿಗಳ ಕೈಗೆ ಅದು ಹತ್ತುವುದು ಮಿನಿ ಪ್ರಾಜೆಕ್ಟ್ ಮಾಡುವಾಗ. ಮೂರ್ನಾಲ್ಕು ಮಂದಿಯ ತಂಡ, ಒಬ್ಬರು ಗೈಡ್, ಒಂದು ಸೆಮಿಸ್ಟರ್, ಕೊನೆಗೆ ಡೆಮೊ ಮತ್ತು ವೈವಾ. ತಂಡದಲ್ಲಿ ಒಬ್ಬರಿಗೆ ಕೋಡಿಂಗ್ ಚೆನ್ನಾಗಿ ಬರುತ್ತದೆ, ಉಳಿದವರು ಇನ್ನೂ ಕಲಿಯುತ್ತಿರುತ್ತಾರೆ. ಆ ಸೆಮಿಸ್ಟರ್ ಮುಗಿಯುವಾಗ ಯಾರಿಗೆಷ್ಟು ಬಂತು ಎನ್ನುವುದನ್ನು ತೀರ್ಮಾನಿಸುವುದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಕೆಲಸದ ಹಂಚಿಕೆ. ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯಕ್ಕೆ ಜಾಲತಾಣ ಮಾಡಲು ಹೊರಟ ತಂಡವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕಲಿಕೆಯನ್ನು ನೋಡೋಣ.

ಪುಟದ ಮೂರು ಪದರಗಳು

ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಪ್ರಸ್ತಾವ ಮುಂದಿಟ್ಟಾಗ, ವಿಜ್ಞಾನಿಗಳು ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳುವುದೇ ಮುಖ್ಯ ಉದ್ದೇಶವಾಗಿತ್ತು. ಪುಟದ ಅಂದದ ಮಾತು ಆಮೇಲಿನದು. ಪುಟದ ಮೊದಲ ಪದರವಾದ ಎಚ್‌ಟಿಎಂಎಲ್ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಕೊಂಡಿ ಎಂದು ಗುರುತು ಹಾಕುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂತರಗಳನ್ನು ಬೇರೆಯೇ ಕಡೆ ಬರೆದಿಡುವ ಸಿಎಸ್‌ಎಸ್ ಪ್ರಸ್ತಾವವನ್ನು ಹೋಕನ್ ವಿಯಂ ಲೀ 1994ರಲ್ಲಿ ಮಾಡಿದರು. ಅದರ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಅಧಿಕೃತವಾಯಿತು. ಗುಂಡಿ ಒತ್ತಿದಾಗ, ಫಾರ್ಮ್ ತುಂಬಿದಾಗ ಆಗಬೇಕಾದ್ದನ್ನು ನೋಡಿಕೊಳ್ಳುವ ಜಾವಾಸ್ಕ್ರಿಪ್ಟನ್ನು 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಕಂಪನಿಯಲ್ಲಿ ರೂಪಿಸಿದರು.

ಕಲಿಯುವವರು ಈ ಮೂರನ್ನೂ ಕಲಸಿಬಿಡುವುದು ಸಾಮಾನ್ಯ. ಗ್ರಂಥಾಲಯದ ಸಮಯ ತಿಳಿಸುವ ಸಾಲು ದೊಡ್ಡದಾಗಿ ಕಾಣಲಿ ಎಂದು ಅದಕ್ಕೆ ಶೀರ್ಷಿಕೆಯ ಟ್ಯಾಗ್ ಹಾಕುತ್ತಾರೆ, ಎಲ್ಲವನ್ನೂ ಬರಿಯ ಪೆಟ್ಟಿಗೆಯಂಥ ಡಿವ್ ಟ್ಯಾಗಿನ ಒಳಗೆ ತುಂಬುತ್ತಾರೆ. ಇದಕ್ಕೊಂದು ಸುಲಭದ ಪರೀಕ್ಷೆಯಿದೆ. ಸಿಎಸ್‌ಎಸ್ ಕಡತದ ಕೊಂಡಿಯನ್ನು ತೆಗೆದು ಪುಟವನ್ನು ಮತ್ತೆ ತೆರೆಯಬೇಕು. ಹೆಸರು, ಸಮಯ, ವಿಳಾಸ, ಸದಸ್ಯತ್ವದ ವಿವರ ಮೇಲಿನಿಂದ ಕೆಳಗೆ ಓದಿಸಿಕೊಂಡು ಹೋದರೆ ಪುಟದ ರಚನೆ ಗಟ್ಟಿಯಾಗಿದೆ. ಹಾಗಾಗದಿದ್ದರೆ ಬಣ್ಣ ಬದಲಿಸಿ ಉಪಯೋಗವಿಲ್ಲ.

ಕೆಲಸ ಹಂಚಿಕೊಳ್ಳುವ ಬಗೆ

ತಂಡಗಳು ಸಾಮಾನ್ಯವಾಗಿ ಪುಟದ ಲೆಕ್ಕದಲ್ಲಿ ಕೆಲಸ ಹಂಚಿಕೊಳ್ಳುತ್ತವೆ. ಮುಖಪುಟ ಒಬ್ಬರಿಗೆ, ಪುಸ್ತಕಗಳ ಪಟ್ಟಿ ಇನ್ನೊಬ್ಬರಿಗೆ, ಸದಸ್ಯತ್ವದ ಫಾರ್ಮ್ ಮತ್ತೊಬ್ಬರಿಗೆ. ಎಲ್ಲರಿಗೂ ಏನೋ ಒಂದು ಕೆಲಸ ಸಿಗುತ್ತದೆ ನಿಜ. ಆದರೆ ಕೊನೆಗೆ ಜೋಡಿಸಿದಾಗ ಒಂದು ಪುಟದ ಮೆನು ಮೇಲಿದೆ, ಇನ್ನೊಂದರದು ಎಡಕ್ಕಿದೆ. ನೀಲಿಯೇ ಮೂರು ಬಗೆಯದಾಗಿದೆ. ಎಲ್ಲವನ್ನೂ ಒಂದು ರೂಪಕ್ಕೆ ತರುವ ಹೊಣೆ ಡೆಮೊದ ಹಿಂದಿನ ವಾರ ಚೆನ್ನಾಗಿ ಗೊತ್ತಿರುವ ಆ ಒಬ್ಬರ ತಲೆಗೆ ಬೀಳುತ್ತದೆ. ಅವರು ಉಳಿದವರ ಕೋಡನ್ನು ಅಳಿಸಿ ತಾವೇ ಬರೆಯುತ್ತಾರೆ.

ಇನ್ನೊಂದು ಹಂಚಿಕೆ ಇದಕ್ಕಿಂತ ನಷ್ಟದ್ದು. "ನಿಂಗೆ ಕೋಡಿಂಗ್ ಅಷ್ಟಾಗಿ ಬರಲ್ಲ ಅಲ್ವಾ, ರಿಪೋರ್ಟು, ಪಿಪಿಟಿ ನೀನ್ ನೋಡ್ಕೊ" ಎಂದು ಗೆಳೆಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವನೋ ಅವಳೋ ಒಪ್ಪಿಕೊಂಡರೆ ಆ ಸೆಮಿಸ್ಟರ್‌ನ ಕಲಿಕೆ ಅಲ್ಲಿಗೆ ನಿಂತಿತು. ಕಲಿಯಬೇಕಾದ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರನ್ನೇ ಪುಟದಿಂದ ದೂರ ಇಡುವ ಈ ಪದ್ಧತಿಯನ್ನು ಗೈಡ್‌ಗಳು ಮೊದಲ ವಾರದಲ್ಲೇ ತಡೆಯಬೇಕು.

ಹೆಚ್ಚು ಕಲಿಸುವ ದಾರಿ ಹೀಗಿದೆ. ಮೊದಲ ಕೆಲವು ದಿನ ಯಾರೂ ತಮ್ಮ ತಮ್ಮ ಪುಟ ಶುರು ಮಾಡುವಂತಿಲ್ಲ. ಎಲ್ಲರೂ ಒಟ್ಟಿಗೆ ಗ್ರಂಥಾಲಯಕ್ಕೆ ಹೋಗಿ, ಬರುವವರು ಗ್ರಂಥಪಾಲಕರನ್ನು ಏನು ಕೇಳುತ್ತಾರೆ ಎಂದು ಗಮನಿಸಬೇಕು. ಇವತ್ತು ತೆರೆದಿದೆಯೇ, ಸದಸ್ಯರಾಗಲು ಏನು ತರಬೇಕು, ಇಂಥ ಪುಸ್ತಕ ಇದೆಯೇ ಎಂಬಂಥ ಪ್ರಶ್ನೆಗಳೇ ಮುಖಪುಟದಲ್ಲಿ ಏನಿರಬೇಕು ಎಂದು ಹೇಳಿಬಿಡುತ್ತವೆ. ಆಮೇಲೆ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಪುಟದ ನಕ್ಷೆ. ಅದಾದ ಮೇಲೆ ಎಲ್ಲ ಪುಟಗಳಿಗೂ ಒಂದೇ ಸಿಎಸ್‌ಎಸ್ ಕಡತ: ಎರಡೋ ಮೂರೋ ಬಣ್ಣ, ಒಂದು ಫಾಂಟ್, ಶೀರ್ಷಿಕೆಗಳ ಗಾತ್ರ, ಗುಂಡಿಯ ರೂಪ. ಇಷ್ಟು ತೀರ್ಮಾನವಾದ ಮೇಲೆ ಒಬ್ಬೊಬ್ಬರೂ ಒಂದೊಂದು ಸೌಲಭ್ಯವನ್ನು ಬುಡದಿಂದ ತುದಿಯವರೆಗೆ ವಹಿಸಿಕೊಳ್ಳಬಹುದು. ಪುಸ್ತಕ ಹುಡುಕುವ ಭಾಗ ತೆಗೆದುಕೊಂಡವರು ಅದರ ರಚನೆ, ರೂಪ, ವರ್ತನೆ ಮೂರನ್ನೂ ತಾವೇ ಬರೆಯುತ್ತಾರೆ. ಗೊತ್ತಿರುವವರು ಪಕ್ಕದಲ್ಲಿ ಕೂತು ದಾರಿ ಹೇಳಬಹುದು, ಕೀಲಿಮಣೆ ಮಾತ್ರ ಕಲಿಯುವವರ ಕೈಯಲ್ಲೇ ಇರಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆ. ಕಲಿಕೆಗೆ ಆ ನಿಧಾನ ಬೇಕು.

ಗಿಟ್ ಮತ್ತು ಒಂದೇ ಸಾಲಿನ ಇಬ್ಬರು ಒಡೆಯರು

ವಾಟ್ಸ್‌ಆ್ಯಪ್‌ನಲ್ಲಿ ಜಿಪ್ ಕಡತ ಕಳಿಸುತ್ತ ಪ್ರಾಜೆಕ್ಟ್ ನಡೆಸುವ ತಂಡಕ್ಕೆ ಎರಡನೇ ವಾರದಲ್ಲೇ ಯಾವುದು ಇತ್ತೀಚಿನದು ಎಂದು ತಿಳಿಯದಂತಾಗುತ್ತದೆ. ಇದೇ ತೊಡಕನ್ನು ಸಾವಿರಾರು ಜನರ ಮಟ್ಟದಲ್ಲಿ ನಿಭಾಯಿಸಲು ಲಿನಕ್ಸ್‌ನ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ರೂಪಿಸಿದರು. 2008ರಲ್ಲಿ ಶುರುವಾದ ಗಿಟ್‌ಹಬ್ ಆ ಕಡತಗಳನ್ನು ಅಂತರಜಾಲದಲ್ಲಿಟ್ಟು ಹಂಚಿಕೊಳ್ಳುವ ತಾಣ. ವಿದ್ಯಾರ್ಥಿಗೆ ಆರಂಭದಲ್ಲಿ ಬೇಕಾದ್ದು ನಾಲ್ಕೈದು ಆದೇಶ ಮಾತ್ರ: ಪುಲ್, ಆ್ಯಡ್, ಕಮಿಟ್, ಪುಶ್, ಆಮೇಲೆ ಬ್ರಾಂಚ್.

ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ರೀತಿ ಬದಲಿಸಿದರೆ ಮರ್ಜ್ ಕಾನ್‌ಫ್ಲಿಕ್ಟ್ ಬರುತ್ತದೆ. ಗಿಟ್ ಎರಡೂ ರೂಪಗಳನ್ನು ಕಡತದೊಳಗೇ ಇಟ್ಟು, ಏಳೇಳು ಬಾಣದ ಗುರುತು ಮತ್ತು ಏಳು ಸಮ ಚಿಹ್ನೆಗಳ ಗೆರೆ ಹಾಕಿ ನಿಲ್ಲುತ್ತದೆ; ಯಾವುದು ಇರಬೇಕೆಂದು ಅದು ತೀರ್ಮಾನಿಸುವುದಿಲ್ಲ. ಕಲಿಯುವವರು ಇಲ್ಲಿ ಹೆದರಿ ಇಡೀ ಫೋಲ್ಡರ್ ಅಳಿಸಿ ಮತ್ತೆ ಇಳಿಸಿಕೊಳ್ಳುತ್ತಾರೆ. ಅಗತ್ಯವಿಲ್ಲ. ಆ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಗುಂಡಿ ಹಸಿರಿರಬೇಕೋ ನೀಲಿಯಿರಬೇಕೋ ಎಂದು ಮಾತಾಡಿ, ಒಂದನ್ನು ಉಳಿಸಿ, ಗುರುತುಗಳನ್ನು ಅಳಿಸಿ ಕಮಿಟ್ ಮಾಡಿದರಾಯಿತು. ತಂಡದ ವಿನ್ಯಾಸ ಚರ್ಚೆ ನಿಜವಾಗಿ ನಡೆಯುವುದು ಇಂಥ ಗಳಿಗೆಯಲ್ಲೇ. ಜೊತೆಗೆ ಯಾರು ಯಾವ ದಿನ ಏನು ಬದಲಿಸಿದರು ಎಂಬ ದಾಖಲೆಯೂ ಅಲ್ಲೇ ಉಳಿಯುವುದರಿಂದ ಗೈಡ್‌ಗೆ ಯಾರ ಕೆಲಸ ಎಷ್ಟೆಂದು ಕೇಳಿ ತಿಳಿಯಬೇಕಾಗಿಲ್ಲ.

ಮೊಬೈಲ್ ಪರದೆ

ಲ್ಯಾಬ್‌ನ ಕಂಪ್ಯೂಟರಿನಲ್ಲಿ ಮಾಡಿದ ಪುಟವನ್ನು ಓದುಗ ನೋಡುವುದು ಫೋನಿನಲ್ಲಿ. ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸಕ್ಕೆ ಈಥನ್ ಮಾರ್ಕಾಟ್ 2010ರಲ್ಲಿ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಹೆಸರು ಕೊಟ್ಟರು. ಮೊದಲು ಸಣ್ಣ ಪರದೆಗೆ ಬರೆದು, ಅಗಲ ಹೆಚ್ಚಿದಂತೆ ಮೀಡಿಯಾ ಕ್ವೆರಿಗಳಿಂದ ಹಿಗ್ಗಿಸುತ್ತ ಹೋಗುವುದು ಸುಲಭ. ವ್ಯೂಪೋರ್ಟ್ ಎಂಬ ಒಂದು ಮೆಟಾ ಸಾಲು ಬಿಟ್ಟುಹೋದರೆ ಫೋನಿನ ಬ್ರೌಸರ್ ಸುಮಾರು 980 ಪಿಕ್ಸೆಲ್ ಅಗಲದ ಪುಟವೆಂದೇ ತಿಳಿದು ಎಲ್ಲವನ್ನೂ ಕುಗ್ಗಿಸಿಬಿಡುತ್ತದೆ. ಫೋನಿನಲ್ಲಿ ತೆಗೆದ ಹಲವು ಎಂಬಿ ತೂಕದ ಚಿತ್ರವನ್ನು ಗಾತ್ರ ಇಳಿಸದೆ ಮುಖಪುಟಕ್ಕೆ ಹಾಕುವುದೂ ಸಾಮಾನ್ಯ ತಪ್ಪು.

ಕನ್ನಡ ಪುಟ ಕಲಿಸುವ ಪಾಠ

ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಕಲಿಯುತ್ತಾರೆ. ಗ್ರಂಥಾಲಯದ ಪುಟವನ್ನು ಕನ್ನಡದಲ್ಲಿ ಮಾಡಬೇಕಾಗಿ ಬಂದಾಗ ಆ ಪಾಠಗಳಲ್ಲಿ ಇಲ್ಲದ ಪ್ರಶ್ನೆಗಳು ಏಳುತ್ತವೆ. ನನಗೆ ಈ ಪ್ರಾಜೆಕ್ಟಿನ ಅತಿ ಬೆಲೆಯುಳ್ಳ ಭಾಗ ಇದೇ.

ಮೊದಲನೆಯದು ಅಕ್ಷರದ ಸಂಕೇತ. ಗ್ರಂಥಾಲಯದಿಂದ ಸಿಕ್ಕ ಹಳೆಯ ಪುಸ್ತಕ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರೆ, ಪುಟಕ್ಕೆ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದು, ಪುಟದ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ಘೋಷಿಸಬೇಕು. ಡೇಟಾಬೇಸ್‌ನ ಎನ್‌ಕೋಡಿಂಗ್ ಹೊಂದದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಎರಡನೆಯದು ಸಾಲುಗಳ ಅಂತರ. ಇಂಗ್ಲಿಷಿಗೆ ಹೊಂದುವ ಅಂತರದಲ್ಲಿ 'ಶಾಸ್ತ್ರ', 'ರಾಷ್ಟ್ರ'ಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗುವಂತಾಗುತ್ತವೆ. ಲೈನ್-ಹೈಟನ್ನು 1.6 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿಟ್ಟರೆ ಓದಲು ಹಿತ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ರೂಪ ಇರುವುದಿಲ್ಲ. ಬ್ರೌಸರ್ ಅಕ್ಷರಗಳನ್ನು ತಾನೇ ಓರೆ ಮಾಡುತ್ತದೆ, ಅದು ಚೆನ್ನಾಗಿ ಕಾಣದು. ಒತ್ತಿ ಹೇಳಲು ದಪ್ಪಕ್ಷರವೇ ಸಾಕು. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಯಾರು ಬೇಕಾದರೂ ಬಳಸಬಹುದು.

ಮೂರನೆಯದು ಅಕ್ಷರಗಳ ಎಣಿಕೆ; ಇದನ್ನು ಕಂಡುಕೊಂಡ ವಿದ್ಯಾರ್ಥಿ ಸುಲಭಕ್ಕೆ ಮರೆಯುವುದಿಲ್ಲ. 'ಗ್ರಂಥಾಲಯ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟ್ ಅದರ ಉದ್ದವನ್ನು 8 ಎನ್ನುತ್ತದೆ, ಯುಟಿಎಫ್-8ರಲ್ಲಿ ಅದು ಹಿಡಿಯುವ ಜಾಗ 24 ಬೈಟ್. ಅರ್ಧಾಕ್ಷರದ ಚಿಹ್ನೆ, ಒತ್ತು, ಸೊನ್ನೆ, ದೀರ್ಘ ಎಲ್ಲವೂ ಬೇರೆ ಬೇರೆ ಸಂಕೇತಗಳಾಗಿರುವುದೇ ಕಾರಣ. ಪುಸ್ತಕದ ಹೆಸರನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸಿ ಚುಕ್ಕಿ ಹಾಕುವ ಕೋಡ್ ಇಂಗ್ಲಿಷಿನಲ್ಲಿ ಸರಿಯಾಗಿ ನಡೆದು, ಕನ್ನಡದಲ್ಲಿ 'ಗ್' ಎಂದು ಅರ್ಧಕ್ಕೆ ನಿಲ್ಲುವುದು ಇದರಿಂದಲೇ. ಹೆಸರನ್ನು ಎಲ್ಲಿ ಕತ್ತರಿಸಬೇಕೆಂಬ ಅಳತೆಯನ್ನು ಸಿಎಸ್‌ಎಸ್‌ಗೆ ಬಿಡುವುದು ಲೇಸು.

ಕಣ್ಣು ಕಾಣದ ಓದುಗರು

ಸಾರ್ವಜನಿಕ ಗ್ರಂಥಾಲಯದ ಪುಟ ಎಲ್ಲರದು. ವೆಬ್ ಪುಟ ಎಲ್ಲರಿಗೂ ನಿಲುಕುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸದ ಪ್ರಮಾಣ ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲೆ ತಿಳಿ ಬೂದು ಬಣ್ಣ ಇದರಲ್ಲಿ ಸೋಲುತ್ತದೆ. ಚಿತ್ರಕ್ಕೆ ಆಲ್ಟ್ ವಿವರಣೆ, ಫಾರ್ಮ್‌ನ ಪ್ರತಿ ಖಾನೆಗೆ ಲೇಬಲ್ ಇರಬೇಕು. ಪುಟ ಕನ್ನಡದ್ದೆಂದು ತಿಳಿಸುವ ಭಾಷಾ ಸಂಕೇತ 'ಕೆಎನ್' ಇದ್ದರೆ ಪರದೆ ಓದುವ ತಂತ್ರಾಂಶ ತನ್ನ ಕನ್ನಡ ಧ್ವನಿಯನ್ನು ಆರಿಸಿಕೊಳ್ಳಲು ಸಾಧ್ಯ. ಎನ್‌ವಿಡಿಎ ಎಂಬ ಅಂಥ ತಂತ್ರಾಂಶ ಉಚಿತ. ತಂಡದವರು ಪರದೆ ನೋಡದೆ, ಮೌಸ್ ಮುಟ್ಟದೆ ಸದಸ್ಯತ್ವದ ಫಾರ್ಮ್ ತುಂಬಿ ನೋಡಬೇಕು.

ಪ್ರಕಟಣೆ ಮತ್ತು ವೈವಾ

ಗಿಟ್‌ಹಬ್ ಪೇಜಸ್ ಪುಟಗಳನ್ನು ಉಚಿತವಾಗಿ ಪ್ರಕಟಿಸುತ್ತದೆ, ಆದರೆ ಪಿಎಚ್‌ಪಿ, ಡೇಟಾಬೇಸ್ ಅಲ್ಲಿ ನಡೆಯುವುದಿಲ್ಲ. ವಿಂಡೋಸ್‌ನಲ್ಲಿ ಕಾಣುತ್ತಿದ್ದ ಚಿತ್ರ ಪ್ರಕಟಿಸಿದ ಮೇಲೆ ಮಾಯವಾದರೆ ಕಡತದ ಹೆಸರು ನೋಡಬೇಕು: ವಿಂಡೋಸ್ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಸಾಮಾನ್ಯವಾಗಿ ಒಂದೇ ಎಂದು ಪರಿಗಣಿಸುತ್ತದೆ, ಗಿಟ್‌ಹಬ್ ಪೇಜಸ್‌ನಲ್ಲಿ ಅವು ಬೇರೆ ಬೇರೆ. ಸಿ ಡ್ರೈವ್‌ನ ಪೂರ್ತಿ ವಿಳಾಸ ಕೊಟ್ಟಿದ್ದರೂ ಹೀಗೇ ಆಗುತ್ತದೆ. ಡೆಮೊ ದಿನದ ಬೆಳಿಗ್ಗೆ ಅಲ್ಲ, ಮೊದಲ ಪುಟ ಸಿದ್ಧವಾದ ದಿನವೇ ಪ್ರಕಟಿಸಿ ನೋಡಿದರೆ ಇವೆಲ್ಲ ಮುಂಚೆಯೇ ತಿಳಿಯುತ್ತವೆ.

ವೈವಾದಲ್ಲಿ ಪರೀಕ್ಷಕರು ತಂಡದ ಯಾರಿಗೆ ಬೇಕಾದರೂ ಯಾವ ಭಾಗವನ್ನಾದರೂ ತೋರಿಸಿ ಕೇಳಬಹುದು. ಹಾಗಾಗಿ ವೈವಾದ ಹಿಂದಿನ ವಾರ ತಂಡದವರು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಂಡು, ಇನ್ನೊಬ್ಬರು ಬರೆದ ಕೋಡಿನಲ್ಲಿ ಒಂದು ಸಣ್ಣ ಬದಲಾವಣೆಯನ್ನು ಯಾರ ನೆರವೂ ಇಲ್ಲದೆ ಮಾಡಿ ನೋಡಬೇಕು. ಹುಡುಕುವ ಖಾನೆಯನ್ನು ಬಲಕ್ಕೆ ಸರಿಸುವುದು, ರಜಾ ದಿನದ ಸೂಚನೆಯೊಂದನ್ನು ಸೇರಿಸುವುದು, ಇಂಥವು ಸಾಕು. ಮಾಡಲಾಗದಿದ್ದರೆ ಬರೆದವರು ಪಕ್ಕದಲ್ಲಿ ಕೂತು ವಿವರಿಸಲು ಆಗಲೂ ಒಂದು ವಾರ ಉಳಿದಿರುತ್ತದೆ.