ಮೊಬೈಲ್ ಕಾರ್ಯಸಾಧನಗಳ ಭದ್ರತೆ

ಮೊಬೈಲ್ ಕಾರ್ಯಸಾಧನಗಳ ಭದ್ರತೆ ಎಂದರೆ ಕಚೇರಿ ಕೆಲಸಕ್ಕೆ ಬಳಸುವ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್ ಹಾಗೂ ಲ್ಯಾಪ್‌ಟಾಪ್‌ಗಳನ್ನೂ ಅವುಗಳಲ್ಲಿರುವ ಮಾಹಿತಿಯನ್ನೂ ಕಚೇರಿ ಜಾಲದ ಒಳಗೆ ಮತ್ತು ಹೊರಗೆ ಕಾಪಾಡುವ ವ್ಯವಸ್ಥೆ. ಕಚೇರಿಯ ಫೈರ್‌ವಾಲ್ ನೀಡುವ ರಕ್ಷಣೆಯು ಹೊರಗೆ ಹೋದ ಸಾಧನಕ್ಕೆ ದೊರೆಯುವುದಿಲ್ಲ. ಆದ್ದರಿಂದ ರಕ್ಷಣೆಯ ಮುಖ್ಯ ಭಾಗವು ಸಾಧನದಲ್ಲಿಯೇ ಇರಬೇಕಾಗುತ್ತದೆ.

ಕ್ಷೇತ್ರಕಾರ್ಯದಲ್ಲಿ ಬಳಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಭಾಗಗಳು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ. ದೇಶದ ಹುಲಿ ಸಂರಕ್ಷಿತ ಪ್ರದೇಶಗಳ ಗಸ್ತಿಗಾಗಿ 2010ರಲ್ಲಿ ಆರಂಭವಾದ 'ಎಂ-ಸ್ಟ್ರೈಪ್ಸ್' ವ್ಯವಸ್ಥೆಯ ಮೊಬೈಲ್ ಆ್ಯಪ್ ಗಸ್ತಿನ ಹಾದಿ, ವನ್ಯಜೀವಿಗಳ ಕುರುಹು ಮತ್ತು ಛಾಯಾಚಿತ್ರಗಳನ್ನು ಸ್ಥಳಸಹಿತ ದಾಖಲಿಸುತ್ತದೆ. ನೆಟ್‌ವರ್ಕ್ ಇಲ್ಲದೆಡೆ ಮಾಹಿತಿಯು ಫೋನಿನಲ್ಲಿಯೇ ಉಳಿದು, ನಂತರ ಸರ್ವರ್‌ಗೆ ಸೇರುತ್ತದೆ. ಇಂತಹ ಮಾಹಿತಿ ಕಳ್ಳಬೇಟೆಗಾರರ ಕೈಸೇರಿದರೆ ಪ್ರಾಣಿಗಳ ಜೀವಕ್ಕೇ ಅಪಾಯ. ಕೆ.ಆರ್. ನಗರವೂ ಸೇರಿದಂತೆ ಎಲ್ಲೆಡೆಯ ಅಂಗನವಾಡಿಗಳಿಗಾಗಿ 2021ರಲ್ಲಿ ಜಾರಿಗೆ ಬಂದ 'ಪೋಷಣ್ ಟ್ರ್ಯಾಕರ್' ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ಹಾಗೂ ಗರ್ಭಿಣಿಯರ ವಿವರಗಳಿರುತ್ತವೆ.

ಕಚೇರಿ ಜಾಲದೊಳಗೆ

ಮೊಬೈಲ್ ಸಾಧನಗಳನ್ನು ಮುಖ್ಯ ಸರ್ವರ್‌ಗಳಿಂದ ಬೇರ್ಪಟ್ಟ ವೈ-ಫೈ ಜಾಲಕ್ಕೆ ಸೇರಿಸುವುದು, ನೋಂದಾಯಿತ ಸಾಧನಗಳಿಗೆ ಮಾತ್ರ ಪ್ರವೇಶ ನೀಡುವುದು ಮತ್ತು ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು ಪ್ರಮುಖ ಕ್ರಮಗಳು. ಕ್ಷೇತ್ರದಿಂದ ಮರಳಿದ ಸಾಧನವು ಕುತಂತ್ರಾಂಶವನ್ನು ಹೊತ್ತು ತರಬಹುದಾದ್ದರಿಂದ ಅದನ್ನು ಮೊದಲು ಪರೀಕ್ಷಿಸಲಾಗುತ್ತದೆ.

ಕಚೇರಿ ಜಾಲದ ಹೊರಗೆ

ಪರದೆಗೆ ಬಲವಾದ ಪಿನ್, ಸಂಗ್ರಹಿತ ಮಾಹಿತಿಗೆ ಗೂಢಲಿಪೀಕರಣ, ಎರಡು ಹಂತದ ದೃಢೀಕರಣ ಹಾಗೂ ಕಚೇರಿಯ ಸಂಪರ್ಕಕ್ಕೆ ವಿಪಿಎನ್ ಅಗತ್ಯ. ಸಂದೇಶಗಳಲ್ಲಿ ಬರುವ ಅಪರಿಚಿತ ಎಪಿಕೆ ಕಡತಗಳನ್ನು ಅಳವಡಿಸಬಾರದು. ಕಳೆದುಹೋದ ಸಾಧನದ ಮಾಹಿತಿಯನ್ನು ದೂರದಿಂದ ಅಳಿಸುವ ಸೌಲಭ್ಯವಿದ್ದರೂ, ಆ ಆದೇಶವು ತಲುಪಲು ಸಾಧನವು ಅಂತರ್ಜಾಲಕ್ಕೆ ಸಂಪರ್ಕಗೊಂಡಿರಬೇಕು. ಸಿಗ್ನಲ್ ಇಲ್ಲದ ಕಾಡಿನಲ್ಲಿ ಕಳೆದ ಫೋನಿಗೆ ಪಿನ್ ಮತ್ತು ಗೂಢಲಿಪೀಕರಣಗಳೇ ಆಸರೆ.

ಸಾಧನ ಕಳೆದಾಗ

ಮೊದಲು ಕಚೇರಿಗೆ ತಿಳಿಸಿ ಖಾತೆಯ ಪ್ರವೇಶವನ್ನು ರದ್ದುಪಡಿಸಬೇಕು. ಸಿಮ್ ಸ್ಥಗಿತಗೊಳಿಸಿ ಪೊಲೀಸರಿಗೆ ದೂರು ನೀಡಬೇಕು. ದೂರಸಂಪರ್ಕ ಇಲಾಖೆಯ 'ಸಿಇಐಆರ್' ಜಾಲತಾಣದಲ್ಲಿ ಐಎಂಇಐ ಸಂಖ್ಯೆಯ ಮೂಲಕ ಫೋನನ್ನು ನಿರ್ಬಂಧಿಸಬಹುದು. ಈ ಸೌಲಭ್ಯವು 2023ರ ಮೇ ತಿಂಗಳಲ್ಲಿ ದೇಶದಾದ್ಯಂತ ವಿಸ್ತರಣೆಗೊಂಡಿತು. ಇದರಿಂದ ಫೋನ್ ಮೊಬೈಲ್ ಜಾಲಗಳಲ್ಲಿ ಬಳಕೆಯಾಗದಂತೆ ತಡೆಯಬಹುದೇ ಹೊರತು ಅದರೊಳಗಿನ ಮಾಹಿತಿ ಅಳಿಯುವುದಿಲ್ಲ.

ಕಾನೂನು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವೈಯಕ್ತಿಕ ಮಾಹಿತಿಗೆ ಸೂಕ್ತ ಭದ್ರತೆ ಒದಗಿಸುವ ಹೊಣೆಯನ್ನು ಆ ಮಾಹಿತಿಯ ಬಳಕೆಯನ್ನು ನಿರ್ಧರಿಸುವ ಸಂಸ್ಥೆಗೆ ವಹಿಸುತ್ತದೆ.